ಕಂಬದ ಕುರ್ಚಿ

ಮಾರ್ಚ್ 3, ಬೆಳಿಗ್ಗೆ

ದೊಡ್ಡ ಹಾಯಿಯ ಇನ್ನೊಂದು ಪಟ್ಟಿ ಮುಗಿಯಿತು. ಬಟ್ಟೆ ಇನ್ನೂ ಗಟ್ಟಿ, ದಾರ ಮಾತ್ರ ಸತ್ತಿದೆ. ಬಿಸಿಲು ತಿಂದ ದಾರ — ಉಗುರು ಹಾಕಿ ಎಳೆದರೆ ಪಟಪಟನೆ ಬಿಟ್ಟುಕೊಳ್ಳುತ್ತದೆ. ಪೂರ್ತಿ ಬಿಚ್ಚಿ ಹೊಸದಾಗಿ ಹೊಲಿಯಬೇಕು. ಮೆಷಿನ್ನಿಗೆ ಎಣ್ಣೆ ಬಿಟ್ಟೆ. ದೇವರಿಗೆ ಕೈ ಮುಗಿದೆ. ಮತ್ತೆ ಕೂತೆ.

ಹಾಯಿ ಮುದುಕಿಯದು. ಆ ಬೋಟಿಗೆ ಬೇರೆ ಹೆಸರಿದೆ, ಹಿಂಭಾಗದಲ್ಲಿ ಬರೆದದ್ದು ಅರ್ಧ ಅಳಿಸಿದೆ. ಬೋಟು ರಿಪೇರಿಯ ಈ ಯಾರ್ಡಿನಲ್ಲಿ ಎಲ್ಲರೂ ಮುದುಕಿ ಅಂತಲೇ ಕರೆಯುವುದು. ಮರದ ಮೈ. ನನಗಿಂತ ಹಿರಿಯಳು. ಯಜಮಾನಿ ಕನ್ನಡಕದಮ್ಮ — ಕನ್ನಡಕಕ್ಕೆ ಹಗ್ಗ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಾರೆ. ಒಂಟಿ ಹೆಂಗಸು, ಒಬ್ಬರೇ ಸಮುದ್ರ ತಿರುಗುತ್ತಾರೆ. "ನನ್ನ ಮುದುಕಿಗೆ ಒಳ್ಳೇ ಬಟ್ಟೆ ಹೊಲಿ ಮಾರಾಯ್ತಿ, ನಾಳೆ ಮದುವೆಗೆ ಹೋಗೋಳ ಥರ ಕಾಣ್ಬೇಕು" ಅಂದರು.

ನನ್ನ ಮಗಳು ಕೆಳಗೆ ಬೋಟಿನ ತಳ ಕೆರೆಯುತ್ತಿದ್ದಳು. ಚಹಾ ಕೊಡಲು ಹೋದೆ. ತುಟಿ ಒಡೆದು ಬಾತಿತ್ತು.

"ಏನಾಯ್ತೇ?"

"ಹಲಗೆ ಜಾರಿ ಬಡೀತಮ್ಮಾ."

ಹೋದ ವಾರ ಸುತ್ತಿಗೆ. ಅದಕ್ಕೂ ಮುಂಚೆ ಏಣಿ. ಯಾರ್ಡಿನಲ್ಲಿ ಇದೊಂದು ಅನುಕೂಲ... ಗಾಯವಿಲ್ಲದ ಮನುಷ್ಯ ಇಲ್ಲಿ ಯಾರಿದ್ದಾರೆ? ಅಣ್ಣನ ಹೆಬ್ಬೆರಳು ಗರಗಸಕ್ಕೆ ಹೋಗಿದೆ. ಬಣ್ಣ ಹೊಡೆಯುವವನ ಒಂದು ಕಣ್ಣು ಮಂಜು. ಯಾರ ಮುಖ ಒಡೆದಿದ್ದರೂ ಯಾರೂ ಕೇಳುವುದಿಲ್ಲ.

ಮಾರ್ಚ್ 5

ಅಳಿಯ ಇವತ್ತು ಕಂಬದ ತುದಿಯಲ್ಲಿ ಕೂತು ಯಾರ್ಡನ್ನೆಲ್ಲ ನಗಿಸಿದ. ಬೋಟಿನ ಹಾಯಿಕಂಬ, ಅದನ್ನು ಎಳೆದು ಹಿಡಿಯುವ ತಂತಿಗಳು — ಅವನಷ್ಟು ಬಲ್ಲವರು ಈ ದಡದಲ್ಲಿ ಇಲ್ಲ. ಕಂಬದ ಹುಲಿ ಅನ್ನುತ್ತಾರೆ. "ಏ ಮಾವ, ಮೇಲಿಂದ ನೋಡಿದ್ರೆ ನಿಮ್ಮ ಬೋಳುತಲೆ ಒಳ್ಳೇ ವಾರ್ನಿಶ್ ಹೊಡೆದಂಗಿದೆ!" ಅಂತ ಅಣ್ಣನಿಗೆ ಕೂಗಿದ. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಅಣ್ಣ ಇಲ್ಲಿಯ ಹಿರಿಯ ಬಡಗಿ, ಮೇಸ್ತ್ರಿಯೂ ಅವನೇ. ಮಗಳಿಗೆ ಸೋದರಮಾವ. ಆದರೂ ಅಳಿಯನೆಂದರೆ ಪ್ರಾಣ.

ನಗುವ ಬಾಯಿ ಕೆಳಗಿಳಿದು ಮನೆ ಬಾಗಿಲು ದಾಟಿದ ಮೇಲೆ ಏನಾಗುತ್ತದೆಂದು ನನಗೆ ಗೊತ್ತು. ಹಾಯಿ ಹೊಲಿಯುವ ಈ ಅಟ್ಟದಲ್ಲೇ ನನ್ನ ವಾಸ. ಕೆಳಗಿನ ಕೋಣೆ ಮಗಳು ಅಳಿಯನದು. ಮೆಷಿನ್ ನಿಲ್ಲಿಸಿದರೆ ಎಲ್ಲಾ ಕೇಳುತ್ತದೆ. ಅವಳು ಕೂಗುವುದಿಲ್ಲ. ಅದೇ ನನಗೆ ತಡೆಯಲಾಗದ್ದು.

ಮಾರ್ಚ್ 7, ಸಂಜೆ

ದೇವರೇ.

ಬಣ್ಣದ ಕಂಪನಿಯವನು ಸ್ಯಾಂಪಲ್ ತಂದಿದ್ದ. ಮಗಳು ಅವನ ಯಾವುದೋ ಮಾತಿಗೆ ನಕ್ಕಳಂತೆ. ಅಷ್ಟೇ. ಊಟದ ಹೊತ್ತಿನಲ್ಲಿ ಎಲ್ಲರೂ ಆಚೆ ಹೋದಾಗ ಅಳಿಯ ಅವಳನ್ನು ಶೆಡ್ಡಿಗೆ ಕರೆದ. ಬೆಂಚಿನ ವೈಸಿನಲ್ಲಿ, ಮರ ಕಚ್ಚಿ ಹಿಡಿಯುವ ಆ ಕಬ್ಬಿಣದ ದವಡೆಯಲ್ಲಿ, ಅವಳ ಎಡಗೈ ಬೆರಳುಗಳನ್ನು ಇಟ್ಟು ಹಿಡಿ ತಿರುಗಿಸಿದ. ನಿಧಾನಕ್ಕೆ. "ನಗು ಈಗ" ಅಂದನಂತೆ.

ನಾನು ಹೋದಾಗ ಅವಳು ಇನ್ನೂ ಅದರಲ್ಲಿ ಸಿಕ್ಕಿಕೊಂಡಿದ್ದಳು. ಅವನು ಪಕ್ಕದಲ್ಲಿ ಕೂತು ಬ್ರೆಡ್ ತಿನ್ನುತ್ತಿದ್ದ. ನಾನು ಹಿಡಿ ಬಿಚ್ಚಿದೆ. ಉಗುರುಗಳು ಕಪ್ಪು. ಒಂದು ಬೆರಳಿನ ಮೂಳೆ ಚರ್ಮ ಹರಿದು ಬಂದಿತ್ತು. ಮರದ ಕೊಡತಿ ಕೈಗೆ ಸಿಕ್ಕಿತು, ಬೀಸಿದೆ. ಭುಜಕ್ಕೆ ತಗುಲಿತು. ಅವನು ನನ್ನ ಕೈ ಹಿಂದಕ್ಕೆ ತಿರುಚಿ ಮುಖವನ್ನು ಬೆಂಚಿಗೆ ಒತ್ತಿ ಹಿಡಿದ. ಬಾಯೊಳಗೆಲ್ಲ ಮರದ ಪುಡಿ.

"ಅತ್ತೆ, ನಿಮ್ಮ ಕೈ ನಿಮಗೆ ಬೇಕು. ಹೊಲಿಯೋಕೆ. ನೆನಪಿರ್ಲಿ."

ಅಣ್ಣನಿಗೆ ಹೇಳಿದೆ. ಅವನು ರಂದ ಹೊಡೆಯುವುದನ್ನು ನಿಲ್ಲಿಸಲೇ ಇಲ್ಲ. "ಗಂಡ ಹೆಂಡ್ತಿ ವಿಷ್ಯಕ್ಕೆ ನಾವು ತಲೆ ಹಾಕಬಾರ್ದು ಕಣಮ್ಮ. ಹುಡುಗ ಸ್ವಲ್ಪ ಮುಂಗೋಪಿ. ಕೆಲ್ಸದಲ್ಲಿ ಬಂಗಾರ."

"ಅವಳ ಬೆರಳು ನೋಡಿದ್ಯಾ?"

ನೋಡಲಿಲ್ಲ. ನೋಡಲೂ ಬರಲಿಲ್ಲ.

ಮಾರ್ಚ್ 8

ಕನ್ನಡಕದಮ್ಮ ನೋಡಿದರು. ಮಗಳ ಕೈಯನ್ನು ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ, ಬೋಟಿನ ಹಲಗೆಯ ಬಿರುಕು ನೋಡುವ ಹಾಗೆ ನೋಡಿದರು.

"ಇದೂ ಹಲಗೆ ಜಾರಿದ್ದಾ?"

ಮಗಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಇಪ್ಪತ್ತನೇ ತಾರೀಕು ದೊಡ್ಡ ಉಬ್ಬರ. ಮುದುಕಿ ನೀರಿಗಿಳೀತಾಳೆ. ಇಳಿದ ಮೇಲೆ ನಾನು ಇಲ್ಲಿ ನಿಲ್ಲೋಳಲ್ಲ. ಆಚೆ ದಡದಲ್ಲಿ ನನ್ನ ತಂಗಿ ಮನೆ ಇದೆ, ವಾರಗಟ್ಟಲೆ ದಾರಿ. ನನಗೊಂದು ಕೈ ಬೇಕು. ಒಂದೇ ಕೈ ನೆಟ್ಟಗಿದ್ರೂ ಸಾಕು."

ಮಗಳು ನನ್ನ ಮುಖ ನೋಡಿದಳು. ನಾನು ಹಾಯಿಯ ಕಡೆ ನೋಡಿದೆ. 

ಮಾರ್ಚ್ 10

ತಲೆಯೊಳಗೆ ಅದೇ ಸುತ್ತುತ್ತಿದೆ. ಹೋಗುವುದೇನೋ ಸರಿ, ಹೇಗೆ? ಅವನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಅವಳನ್ನು ಕಾಯುತ್ತಿರುತ್ತಾನೆ. ಬಚ್ಚಲಿಗೆ ಹೋದರೂ ಬಾಗಿಲಲ್ಲಿ ನಿಲ್ಲುತ್ತಾನೆ. ಹಾಯಿಬೋಟು ಹೊಳೆಯ ಬಾಯಿ ದಾಟುವುದು ಬಸುರಿ ನಡೆದ ಹಾಗೆ, ಮೆಲ್ಲಗೆ. ಯಾರ್ಡಿನ ಮೋಟಾರ್ ದೋಣಿ ಹತ್ತಿದನೆಂದರೆ ತಿರುವಿನಲ್ಲೇ ಹಿಡಿದುಬಿಡುತ್ತಾನೆ. ತಿರುವು ದಾಟಿ ಗಾಳಿ ಸಿಕ್ಕರೆ ಮಾತ್ರ ಬಚಾವ್.

ಪ್ರಾರ್ಥನೆಗೆ ಕೂತೆ. ಮನಸ್ಸು ನಿಲ್ಲಲಿಲ್ಲ.

ಮಾರ್ಚ್ 12

ಅವನ ಕುರ್ಚಿ ರಿಪೇರಿಗೆ ಬಂದಿದೆ.

ಹೆಸರಿಗೆ ಕುರ್ಚಿ. ದಪ್ಪ ಕ್ಯಾನ್ವಾಸಿನ ಜೋಲಿ ಅಷ್ಟೇ. ಅದರಲ್ಲಿ ಕೂತು ಕಂಬ ಹತ್ತುವುದು. ಪಟ್ಟಿಯ ಬುಡದಲ್ಲಿ ದಾರ ಸವೆದಿತ್ತು. ನನ್ನ ಮಡಿಲಿಗೆ ಎಸೆದು ನಕ್ಕ. "ಚೆನ್ನಾಗಿ ಹೊಲೀರಿ ಅತ್ತೆ. ನನ್ನ ಪ್ರಾಣ ನಿಮ್ಮ ಸೂಜಿ ಮೂತೀಲಿದೆ."

ಅವನು ಹೋದ ಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು ಎಷ್ಟು ಹೊತ್ತು ಕೂತೆನೋ. ಸೂಜಿ ಮೂತಿ... ನಿಜವೇ. ಹೊರಗಿನ ಸಾಲು ಅಚ್ಚುಕಟ್ಟಾಗಿ ಹಾಕಿ ಒಳಗಿನದ್ದಕ್ಕೆ ಆ ಸತ್ತ ದಾರ ಓಡಿಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬುಟ್ಟಿಯಲ್ಲಿ ಇದೆ, ಮುದುಕಿಯ ಹಾಯಿಯಿಂದ ಬಿಚ್ಚಿದ್ದು.

ಪೋಣಿಸಿದೆ. ಅರ್ಧ ಸಾಲು ಹೊಲಿದೂ ಬಿಟ್ಟೆ.

ಮಾರ್ಚ್ 13, ಬೆಳಿಗ್ಗೆ

ಬಿಚ್ಚಿದೆ. ದೇವರ ಎದುರು ದೀಪ ಹಚ್ಚಲು ಕೈ ಬರಲಿಲ್ಲ, ಅದಕ್ಕೇ ಬಿಚ್ಚಿದೆ. ಅವನು ಸಾಯಲಿ ಅಂತ ಬೇಡಿಕೊಂಡಿದ್ದೇನೆ, ಸುಳ್ಳು ಹೇಳುವುದಿಲ್ಲ. ಬೇಡುವುದು ಬೇರೆ, ನನ್ನ ಸೂಜಿಯಿಂದ ಮಾಡುವುದು ಬೇರೆ. ಒಳ್ಳೆ ದಾರ, ಮೇಣ ಉಜ್ಜಿ, ಜೋಡಿ ಸಾಲು ಹಾಕಿದೆ. ಆನೆ ಕೂತರೂ ಬಿಚ್ಚಬಾರದು.

ಆಮೇಲೆ ಎಂದಿನಂತೆ ಪರೀಕ್ಷೆ. ಅಟ್ಟದ ತೊಲೆಗೆ ರಾಟೆ ಹಾಕಿ ನಾನೇ ಕೂತೆ, ಅಣ್ಣ ಕೆಳಗಿಂದ ಹಗ್ಗ ಎಳೆದು ಗೂಟಕ್ಕೆ ಸುತ್ತಿದ. ಅಷ್ಟರಲ್ಲಿ ಯಾರೋ ಕರೆದರು, ಹಾಗೇ ಬಿಟ್ಟು ಹೋದ. ನಾನು ಜೋಲಾಡಿದೆ. ಕೈ ಚಾಚಿದರೆ ಏನೂ ಸಿಗದು, ಕಾಲು ಚಾಚಿದರೆ ನೆಲವಿಲ್ಲ. ಬಂದವನೇ ನಕ್ಕ: "ಏನಮ್ಮಾ, ತೊಟ್ಟಿಲಾ? ಜೋಗುಳ ಹಾಡ್ಲಾ?"

ನನಗೆ ನಗು ಬರಲಿಲ್ಲ. 

ಮೇಲೆ ಕೂತವನು ತಾನಾಗಿ ಇಳಿಯಲಾರ. ಕೆಳಗಿನವರು ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಇಷ್ಟು ವರ್ಷ ಈ ಜೋಲಿ ಹೊಲಿದರೂ ಹೊಳೆದಿರಲಿಲ್ಲ.

ಮಾರ್ಚ್ 14

ಮುದುಕಿ ಹೊರಡುವಾಗ ಅವನು ಕಂಬದ ಮೇಲೇ ಇರಬೇಕು ಅಂತ ಕನ್ನಡಕದಮ್ಮನ ಕಿವಿಗೆ ಹಾಕಿದೆ. ಅವರು ಕನ್ನಡಕ ಕಳಚಿ, ಒರೆಸಿ, ಮತ್ತೆ ಹಾಕಿಕೊಂಡರು. "ಮುದುಕಿ ಪಕ್ಕದ ಬಿಳಿ ಬೋಟಿನ ಮೇಲ್ತಂತಿ ತುದಿ ಸೀಳು ಬಿಟ್ಟಿದೆ. ಬದಲಾಯಿಸ್ಬೇಕು. ಅದನ್ನ ಇಪ್ಪತ್ತಕ್ಕೇ ಮಾಡಿಸು ಅಂತ ಅದರ ಯಜಮಾನನಿಗೆ ನಾನು ಹೇಳ್ತೀನಿ."

ಮಗಳಿಗೂ ಹೇಳಿದೆ.

"ನೀನು ಬಾಮ್ಮಾ ಜೊತೆಗೆ."

"ಹಗ್ಗ ಯಾರು ಹಿಡಿಯೋದು ಹಾಗಾದ್ರೆ?"

ಅತ್ತಳು. ಬೆರಳುಗಳ ಪಟ್ಟಿ ಬಿಚ್ಚಿ ಹೊಸದು ಕಟ್ಟಿದೆ. ಒಂದು ಉಗುರು ಪಟ್ಟಿಯ ಜೊತೆಗೇ ಬಂತು.

ಮಾರ್ಚ್ 17

ಬರೆಯಲು ಬಲಗೈ ಮೇಲೇಳುತ್ತಿಲ್ಲ. ನಿನ್ನೆ ಅವಳ ಚೀಲ ಅವನ ಕಣ್ಣಿಗೆ ಬಿತ್ತು. ಎರಡು ಬಟ್ಟೆ ಮಡಿಸಿಟ್ಟಿದ್ದಳು, ಅಷ್ಟೇ. ಕೂದಲು ಹಿಡಿದು ಮೆಟ್ಟಿಲಿನಿಂದ ಎಳೆದ. ಪಕ್ಕೆಗೆ ಒದ್ದ — ಮುಂದುಗಡೆ ಕಬ್ಬಿಣ ಇರುವ ಬೂಟು. ಒದ್ದ ಸದ್ದು ಒದ್ದೆ ಹಾಯಿ ನೆಲಕ್ಕೆ ಬಿದ್ದಂತೆ ಇತ್ತು. ನಾನು ಬೆನ್ನ ಮೇಲೆ ಹಾರಿದೆ, ಕಿವಿ ಕಚ್ಚಿದೆ, ರಕ್ತ ಬಾಯಿಗೆ ಬಂತು. ಎತ್ತಿ ಬಿಸಾಡಿದ. ಮೆಷಿನ್ನಿನ ಚಕ್ರಕ್ಕೆ ದವಡೆ ಬಡಿದು ಹಲ್ಲು ಹೋಯಿತು.

ಬಾಗಿಲಲ್ಲಿ ನಿಂತು ಕಿವಿ ಒರೆಸಿಕೊಳ್ಳುತ್ತಾ ಹೇಳಿದ, ಮೆಲುದನಿಯಲ್ಲಿ, ಹವಾಮಾನ ಹೇಳುವವನ ಹಾಗೆ: "ಅವಳು ಹೊಸಿಲು ದಾಟಿದ ದಿನ ಎರಡೂ ಕಾಲು ಮುರೀತೀನಿ. ಆಮೇಲೆ ಈ ಅಟ್ಟಕ್ಕೆ ಬೆಂಕಿ. ನೀವು ಒಳಗಿರುವಾಗ್ಲೇ."

ಬೆಳಿಗ್ಗೆ ಅಣ್ಣ ನನ್ನ ದವಡೆ ನೋಡಿ ತಲೆ ತಗ್ಗಿಸಿದ. "ಏಣಿಯಾ?" ಅಂದ.

"ಹೌದಪ್ಪ. ಏಣಿ."

ಚೀಲ ಬೇಡ ಅಂದೆ ಮಗಳಿಗೆ. ಮೈಮೇಲಿನ ಬಟ್ಟೆಯಲ್ಲೇ ಹೋಗು.

ಮಾರ್ಚ್ 19

ಹಾಯಿಗಳನ್ನು ಕಟ್ಟಿ ಕೊಟ್ಟೆ. ಹಗ್ಗ ಪೋಣಿಸುವ ಒಂದೊಂದು ಮೂಲೆಯ ಬಳೆಯನ್ನೂ ಕೈಯಲ್ಲೇ ಹೊಲಿದಿದ್ದೇನೆ. ನನ್ನ ಮಗಳನ್ನು ಎಳೆದುಕೊಂಡು ಹೋಗುವುದು ಆ ಬಟ್ಟೆ. ತಲುಪಿದ ಮೇಲೆ ಫೋನ್ ಮಾಡಿ ಮಾತಾಡಬಾರದು. ಒಮ್ಮೆ ಹೊಡೆಸಿ ನಿಲ್ಲಿಸುವುದು, ಮತ್ತೊಮ್ಮೆ ಹೊಡೆಸಿ ನಿಲ್ಲಿಸುವುದು. ಹಾಗೆ ಮಾತಾಗಿದೆ.

ದೇವರೇ, ನಾಳೆ ಗಾಳಿ ಕೊಡು.

ಮಾರ್ಚ್ 21

ನಿನ್ನೆಯದು ಬರೆಯುತ್ತೇನೆ. ಎಡಗೈಯಲ್ಲಿ. ಬಲಗಡೆಯ ಕೊರಳೆಲುಬು ಮುರಿದಿದೆ.

ಅಣ್ಣ ಮತ್ತು ಉಳಿದವರೆಲ್ಲ ಮುದುಕಿಯನ್ನು ನೀರಿಗಿಳಿಸುವ ಗಡಿಬಿಡಿಯಲ್ಲಿದ್ದರು. ಬಿಳಿ ಬೋಟು ಪಕ್ಕದಲ್ಲಿ ನೆಲದ ಮೇಲೆ, ದಿಮ್ಮಿಗಳ ಆಸರೆಯಲ್ಲಿ ನಿಂತಿತ್ತು. ಅಳಿಯನಿಗೆ ವಿಂಚ್, ಅದೇ ಹಗ್ಗ ಎಳೆಯುವ ಗಾಲಿ, ತಿರುಗಿಸುವವರಿಲ್ಲ. "ನೀವೇ ಬನ್ನಿ ಅತ್ತೆ. ಹಲ್ಲಿಲ್ದಿದ್ರೂ ಕೈ ಇದೆಯಲ್ಲ" ಅಂದ. ಅವಳನ್ನೂ ಕಣ್ಣೆದುರೇ ಇರಿಸಿಕೊಂಡ. ಮುದುಕಿಯ ಕಟಕಟೆಗೆ ವಾರ್ನಿಶ್ ಹಚ್ಚು, ಮೇಲಿಂದ ನೋಡ್ತಿರ್ತೀನಿ, ಅಂದ.

ಕುರ್ಚಿಯ ಹಗ್ಗದ ಜೊತೆ ಇನ್ನೊಂದು ಹಗ್ಗ, ಬೆಲ್ಟಿಗೆ ಕಟ್ಟುವುದು ಪದ್ಧತಿ. ಒಂದು ಹೋದರೆ ಇನ್ನೊಂದು. ಅವನು ಬೇಡ ಅಂದ. ನಾನು ಬಿಡಲಿಲ್ಲ. "ಕಟ್ಟದೆ ಕಳ್ಸಲ್ಲ" ಅಂತ ಅವನ ಬೆನ್ನ ಹಿಂದೆ, ಕೈಕೆಲಸಕ್ಕೆ ಅಡ್ಡ ಬರದ ಹಾಗೆ, ಅವನ ಕೈಗೂ ಎಟುಕದ ಹಾಗೆ, ನಾನೇ ಗಂಟು ಹಾಕಿದೆ. "ಅಯ್ಯೋ, ಅತ್ತೆಗೆ ಅಳಿಯನ ಮೇಲೆ ಏನು ಪ್ರೀತಿ!" ಅಂದ.

ಬಿಳಿ ಬೋಟಿನ ಮೇಲೆ ನಿಂತು ವಿಂಚ್ ತಿರುಗಿಸಿ ತಿರುಗಿಸಿ ಅವನನ್ನು ಕಂಬದ ತುದಿ ಮುಟ್ಟಿಸಿದೆ. ಎರಡೂ ಹಗ್ಗ ಗೂಟಕ್ಕೆ ಬಿಗಿದು ಸುತ್ತಿದೆ. ಅವನು ಎಡಗಡೆಯ ಸೀಳಿದ ತಂತಿಯ ಪಿನ್ನು ಹೊಡೆದು ತೆಗೆದ. ಕಂಬಕ್ಕೆ ಅಂಟಿದಂತೆ ತಂತಿ ಸುಮ್ಮನೆ ಅಲ್ಲೇ ನಿಂತಿತ್ತು, ತುದಿ ಕೊಂಡಿಯಲ್ಲಿ ಬರೀ ಆನಿಕೊಂಡು.

ಅಷ್ಟರಲ್ಲಿ ಮುದುಕಿ ಜಾರಿದಳು. ನೀರು ಮುಟ್ಟಿದಳು. ಎಂಜಿನ್ ಕೆಮ್ಮಿ ಹಿಡಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಗಳು ಬ್ರಷ್ಷನ್ನು ನೀರಿಗೆ ಬಿಟ್ಟು, ಬೋಟಿನ ಮೇಲೇ ಕೂತಿದ್ದಳು. ಇಳಿಯಲಿಲ್ಲ.

ಮೇಲಿನಿಂದ ಇಡೀ ಹೊಳೆ ಕಾಣುತ್ತದೆ. ಅವನಿಗೆ ಕಂಡಿತು.

"ಇಳಿಸು!"

ನಾನು ಕತ್ತೆತ್ತಲಿಲ್ಲ.

"ಇಳಿಸೇ ಮುದಿ ಗೂಬೆ! ಇಳಿಸು!"

ಸ್ಪಾನರ್ ಬಂತು. ಕೊರಳೆಲುಬು ಒಡೆದ ಸದ್ದು ನನ್ನ ಕಿವಿಯೊಳಗೇ ಕೇಳಿತು. ಕೂತುಬಿಟ್ಟೆ. ಆಮೇಲೆ ಸುತ್ತಿಗೆ, ತಲೆ ಪಕ್ಕದಲ್ಲೇ ಬೋಟಿನ ಮೇಲ್ಕಿಂಡಿಯ ಗಾಜಿನ ಮುಚ್ಚಳ ಒಡೆದುಕೊಂಡು ಒಳಗೆ ಹೋಯಿತು. ಗಾಜಿನ ಚೂರು ಕೆನ್ನೆಗೆ. ನಾನು ಗೂಟವನ್ನು ಎದೆಗೆ ಅವುಚಿಕೊಂಡು ದೇವರ ಹೆಸರು ಹೇಳುತ್ತಿದ್ದೆ.

ಅಣ್ಣ ಏಣಿ ಹತ್ತಿ ಓಡಿ ಬಂದ. "ಹುಚ್ಚು ಹಿಡೀತೇನೇ? ಇಳಿಸು ಅವನ್ನ!"

"ಮುದುಕಿ ತಿರುವು ದಾಟ್ಲಿ. ಆಮೇಲೆ."

"ಬಿಡು ಹಗ್ಗ!"

"ಮುಟ್ಟಬೇಡ ಅಣ್ಣಾ."

ಮುಟ್ಟಿದ. ವಿಂಚಿನ ಹಿಡಿ ನನ್ನ ಎಡಗೈಯಲ್ಲಿತ್ತು. ಇದ್ದ ಬಲವನ್ನೆಲ್ಲ ಹಾಕಿ ಅವನ ಮಣಿಕಟ್ಟಿಗೆ ಹೊಡೆದೆ. ನನ್ನನ್ನು ಎತ್ತಿ ಆಡಿಸಿದ ಕೈ ಅದು. ಒಣ ಹಲಗೆ ಮುರಿದ ಹಾಗೆ ಮುರಿಯಿತು. ಅವನು ಕೈ ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಾ ಕುಸಿದ. ಆಗ ನನ್ನ ಕಣ್ಣಲ್ಲಿ ನೀರು ಬಂತು, ಅಲ್ಲಿಯವರೆಗೆ ಬಂದಿರಲಿಲ್ಲ.

ಮೇಲೆ ಅವನು ಕುರ್ಚಿಯಿಂದ ಕಾಲು ಹೊರಗೆ ಹಾಕುತ್ತಿದ್ದ. ತಂತಿ ಹಿಡಿದು ಜಾರಿ ಇಳಿಯುವುದು ಅವನಿಗೆ ನೀರು ಕುಡಿದ ಹಾಗೆ. ಬೆನ್ನಿಗೆ ಹಗ್ಗವಿಲ್ಲದೆ ನೂರಾರು ಸಲ ಇಳಿದಿದ್ದಾನೆ. ಎಡಗಡೆಗೆ ಕೈ ಚಾಚಿದ.

ನಾನು ಕಿರುಚಿದೆ. ಇದನ್ನು ದೇವರು ಕೇಳಿದ್ದಾನೆ. "ಆ ತಂತಿ ಬೇಡ! ಅದರ ಪಿನ್ನಿಲ್ಲ! ನೀನೇ ತೆಗ್ದಿದ್ದೀಯ!"

ನಕ್ಕ. ನಾನು ಮೋಸ ಮಾಡುತ್ತಿದ್ದೇನೆಂದು ತಿಳಿದ. ಕೈಯಾರೆ ಬಿಚ್ಚಿದ ತಂತಿಗೆ ಜೋತುಬಿದ್ದ.

ತಂತಿ ಅವನ ಜೊತೆಗೇ ಬಂತು. ಬೆನ್ನಿನ ಹಗ್ಗದಲ್ಲಿ ಇದ್ದಷ್ಟು ಸಡಿಲ ಬಿದ್ದ, ಕಂಬದ ಅಡ್ಡಕೈಗೆ ತೊಡೆ ಬಡಿಯಿತು. ತೊಡೆ ಮುರಿದದ್ದು ಕೆಳಗಿನವರಿಗೂ ಕೇಳಿತು. ಆಮೇಲೆ ಹಗ್ಗ ಬಿಗಿಯಿತು. ತಲೆಕೆಳಗಾಗಿ ತೂಗಾಡಿದ, ರಕ್ತ ಬಿಳಿ ಬೋಟಿನ ಮೇಲೆ ತೊಟ್ಟಿಕ್ಕಿತು. ನನ್ನ ಗಂಟು ಹಿಡಿದಿತ್ತು.

ಮುದುಕಿ ತಿರುವಿನಲ್ಲಿದ್ದಳು. ಹಾಯಿ ಏರಿತು. ನನ್ನ ಹೊಲಿಗೆ ಉಬ್ಬಿ ನಿಂತಿತು. ಕಾಣದಾಯಿತು.

ಆಗ ಹಗ್ಗ ಬಿಚ್ಚಿದೆ. ಮೆಲ್ಲಗೆ, ಒಂದೇ ಕೈಯಲ್ಲಿ, ಮಗುವನ್ನು ಮಲಗಿಸುವ ಹಾಗೆ ಅವನನ್ನು ಇಳಿಸಿದೆ.

ಮಾರ್ಚ್ 24

ಆಸ್ಪತ್ರೆಗೆ ಪೊಲೀಸಿನವನು ಬಂದಿದ್ದ. ಅಳಿಯ ಹೇಳಿದನಂತೆ: "ಪಿನ್ನು ತೆಗೆದದ್ದು ಮರೆತೆ ಸರ್. ಕೆಲ್ಸದಲ್ಲಿ ಆಗುತ್ತೆ." ಅಣ್ಣನ ಕೈ? "ಏಣಿ ಜಾರಿತು." ನನ್ನ ಕೊರಳೆಲುಬು? "ಸ್ಪಾನರ್ ಕೈತಪ್ಪಿತು." ಬರೆದುಕೊಂಡು ಹೋದ. ಯಾರ್ಡಿನಲ್ಲಿ ಯಾರೂ ಕೇಳುವುದಿಲ್ಲ.

ಅವನು ಯಾಕೆ ಹೇಳಲಿಲ್ಲವೋ ನನಗೆ ಗೊತ್ತು. ಹೊರಡುವಾಗ ನನ್ನ ಸೆರಗು ಹಿಡಿದು ಹತ್ತಿರ ಎಳೆದ. "ಮನೇಲಿ ಮಾತಾಡೋಣ ಅತ್ತೆ. ನಾವಿಬ್ರೇ."

ಏಪ್ರಿಲ್ 9

ಮನೆಗೆ ತಂದಿದ್ದಾರೆ. ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್. ಅವನಿಗೆ ಬೇರೆ ಯಾರೂ ಇಲ್ಲ. ಅನ್ನ ಹಾಕುವವಳು ನಾನೇ. ಹಸಿದವನಿಗೆ ಇಲ್ಲ ಅನ್ನಲು ನನ್ನಿಂದ ಆಗದು.

"ಎಲ್ಲಿಗೆ ಹೋದ್ಲು?"

"ನಂಗೊತ್ತಿಲ್ಲ."

ಬಿಸಿ ಸಾರಿನ ಬಟ್ಟಲನ್ನು ಮುಖಕ್ಕೆ ಎಸೆದ. ಕೊರಳು ಬೊಬ್ಬೆ ಎದ್ದಿದೆ. ಮಧ್ಯಾಹ್ನ ಮತ್ತೆ ತಟ್ಟೆ ತೆಗೆದುಕೊಂಡು ಹೋದೆ. ಬಾಗಿಲಿನಿಂದಲೇ ತಳ್ಳಿದೆ, ಬೆಕ್ಕಿಗೆ ತಳ್ಳುವ ಹಾಗೆ.

ಫೋನಿಲ್ಲ.

ಏಪ್ರಿಲ್ 15

ಮೂರು ದಿನ ಬಿರುಗಾಳಿ. ಯಾರ್ಡಿನಲ್ಲಿ ಕಂಬಗಳೆಲ್ಲ ಊಳಿಟ್ಟವು. ಬೆರಳಿಗೆ ಸೂಜಿ ಚುಚ್ಚಿಕೊಂಡೆ, ಗೊತ್ತೇ ಆಗಲಿಲ್ಲ. ಆ ಹಾಯಿಯ ಕೆಳಗಿನ ಹೊಲಿಗೆ... ಜೋಡಿ ಸಾಲು ಹಾಕಿದ್ದೆನೇ? ಹಾಕಿದ್ದೆ. ಹಾಕಿದ್ದೆ. ಹಲಗೆ ಸಂದುಗಳಿಗೆ ಅಣ್ಣ ತುಂಬಿದ ನಾರು ಹಿಡಿದೀತೇ? ಅವನ ಬಾಯಿಂದಲೇ ಕೇಳಬೇಕು, ಅವನು ನನ್ನೊಂದಿಗೆ ಮಾತು ಬಿಟ್ಟಿದ್ದಾನೆ.

ಹುಲಿಯ ದವಡೆಯಿಂದ ತಪ್ಪಿಸಿ ನೀರಿಗೆ ಹಾಕಿದೆನೇ ನನ್ನ ಮಗುವನ್ನು? ದೇವರೇ, ಸಿಟ್ಟಿದ್ದರೆ ನನ್ನ ಮೇಲಿರಲಿ.

ಏಪ್ರಿಲ್ 18

ಅಳಿಯ ಊರುಗೋಲು ಹಿಡಿದ. ಕೆಳಗೆ ಇಡೀ ದಿನ ಟಕ್ ಟಕ್. ಕಲಿಯುತ್ತಿದ್ದಾನೆ.

ಸಂಜೆ ಅಣ್ಣ ಮೇಲೆ ಬಂದ.  ಮುರಿದ ಕೈ ಕೊರಳಿಗೆ ಕಟ್ಟಿಕೊಂಡು, ಇನ್ನೊಂದು ಕೈಯಲ್ಲಿ ಯಾವುದೋ ಹಳೇ ಬೋಟಿನ ಹಿತ್ತಾಳೆ ಅಗುಳಿ ತಂದಿದ್ದ. ನನ್ನ ಬಾಗಿಲಿಗೆ ಕೂರಿಸಿದ. ಸ್ಕ್ರೂ ನಾನು ಹಿಡಿದೆ, ಅವನು ತಿರುಗಿಸಿದ. ಹೋಗುವಾಗ ಹೊಸಿಲಲ್ಲಿ ನಿಂತ.

"ಸಂದುಗಳನ್ನ ಗಟ್ಟಿಯಾಗೇ ತುಂಬಿದ್ದೀನಿ" ಅಂದ. "ನೀರು ಬರಲ್ಲ."

ಏಪ್ರಿಲ್ 24, ಮಧ್ಯಾಹ್ನ

ಫೋನ್ ಹೊಡೆದುಕೊಂಡಿತು. ನಿಂತಿತು. ಮತ್ತೆ ಹೊಡೆದುಕೊಂಡಿತು. ನಿಂತಿತು.

ತಲುಪಿದಳು.

ನೆಲಕ್ಕೆ ಹಣೆ ಹಚ್ಚಿದೆ. ಎದ್ದು ಪರದೆಯಲ್ಲಿ ನೋಡಿದರೆ ನಂಬರ್ ನಿಂತಿದೆ, ಉದ್ದಕ್ಕೆ, ಕಣ್ಣು ಕುಕ್ಕುವ ಹಾಗೆ. ಕಲಿಯಬೇಕು ಅನ್ನಿಸಿತು. ಬಾಯಲ್ಲಿ ಒಮ್ಮೆ ಹೇಳಿಕೊಳ್ಳಬೇಕು ಅನ್ನಿಸಿತು. ಬೇಡ. ನನಗೆ ಗೊತ್ತಿದ್ದರೆ ನನ್ನಿಂದ ಕಕ್ಕಿಸುತ್ತಾನೆ. ಕೊಡತಿಯಿಂದ ಫೋನನ್ನು ಪುಡಿ ಪುಡಿ ಮಾಡಿದೆ. ಇನ್ನು ಅವಳು ಕರೆದರೂ ನನಗೆ ಕೇಳಿಸುವುದಿಲ್ಲ. ಕೇಳಿಸದಿರಲಿ.

ಅವನಿಗೂ ಕೇಳಿಸಿದೆ. ಕೆಳಗೆ ಬಾಗಿಲು ತೆರೆದ ಸದ್ದು. ಮೆಟ್ಟಿಲ ಮೇಲೆ ಊರುಗೋಲು. ನಿಲ್ಲುತ್ತಾನೆ, ಉಸಿರು ಎಳೆದುಕೊಳ್ಳುತ್ತಾನೆ, ಮತ್ತೆ ಹತ್ತುತ್ತಾನೆ. ಸೀಮೆಎಣ್ಣೆ ವಾಸನೆ ಬರುತ್ತಿದೆ.

ಬರಲಿ. ಅಗುಳಿ ತೆಗೆದಿಟ್ಟಿದ್ದೇನೆ — ಅವನು ಬಾಗಿಲ ಹೊರಗಿಂದ ಬೆಂಕಿ ಹಚ್ಚಿದರೆ ಒಳಗೆ ಸುಡುವುದು ನಾನೇ. ಎದುರೆದುರೇ ಆಗಲಿ. ವಿಂಚಿನ ಹಿಡಿ ಮಡಿಲಲ್ಲಿದೆ. ದೇವರ ದೀಪವನ್ನೂ ಆರಿಸಿದ್ದೇನೆ, ಆ ಎಣ್ಣೆಗೆ ಕಿಡಿ ಸಿಗದಿರಲಿ.  ಅವಳು ದಡ ಮುಟ್ಟಿದಳು ದೇವರೇ, ಇನ್ನು ನನಗೆ ಏನು ಬೇಕು ಅಂದರೆ

ಬಾಗಿಲು